ಜ್ವರ ಇಳಿಯಿತು, ಕಿವಿ ಕೇಳುತ್ತಿದೆಯೇ ಎಂದು ಯಾರು ನೋಡಿದರು?

ಮಿದುಳು ಜ್ವರವೆಂದು ಆಸ್ಪತ್ರೆ ಸೇರಿದ ಮಗು ಹದಿನೈದಿಪ್ಪತ್ತು ದಿನ ಕಳೆದು ಮನೆಗೆ ಮರಳಿದರೆ ಅದನ್ನು ಮರುಹುಟ್ಟು ಎಂದೇ ನಮ್ಮ ಜನ ಎಣಿಸುತ್ತಾರೆ. ದೃಷ್ಟಿ ತೆಗೆಯುತ್ತಾರೆ, ಹರಕೆ ತೀರಿಸುತ್ತಾರೆ, ನೋಡಲು ಬಂದವರು ಮಗುವಿನ ತಲೆ ನೇವರಿಸಿ ‘ದೊಡ್ಡ ಗಂಡಾಂತರ ಕಳೀತು ಬಿಡಿ’ ಎಂದು ಸಮಾಧಾನ ಹೇಳುತ್ತಾರೆ. ಅಲ್ಲಿಗೆ ಕಾಯಿಲೆಯ ಕಥೆ ಮುಗಿಯಿತು ಎಂದು ಮನೆಯವರೂ ತಿಳಿಯುತ್ತಾರೆ, ಆಸ್ಪತ್ರೆಯೂ ತಿಳಿಯುತ್ತದೆ. ಸರ್ಕಾರದ ಪಟ್ಟಿಯಲ್ಲಂತೂ ಇರುವುದು ಎರಡೇ ಕಾಲಂ: ಎಷ್ಟು ಪ್ರಕರಣ, ಎಷ್ಟು ಸಾವು. ಬದುಕಿ ಮನೆಗೆ ಹೋದ ಮಗು ಆಮೇಲೆ ಹೇಗಿದೆ, ನಡೆಯುತ್ತಿದೆಯೇ, ಕೇಳಿಸಿಕೊಳ್ಳುತ್ತಿದೆಯೇ, ಶಾಲೆಯಲ್ಲಿ ಕಲಿಯುತ್ತಿದೆಯೇ ಎಂಬುದನ್ನು ಬರೆಯಲು ಅಲ್ಲಿ ಜಾಗವೇ ಇಲ್ಲ. ನಾನು ಇಲ್ಲಿ ವಾದಿಸಲು ಹೊರಟಿರುವುದು ಇಷ್ಟು: ಮಿದುಳಿಗೆ ಸೋಂಕು ತಗುಲಿದ ಮಗುವಿನ ಚಿಕಿತ್ಸೆ ಡಿಸ್ಚಾರ್ಜ್ ದಿನಕ್ಕೆ ಮುಗಿಯಬಾರದು. ಮುಂದಿನ ಒಂದು ವರ್ಷದ ನಿಗಾ, ಶಾಲೆ ಸೇರುವ ಹೊತ್ತಿನ ಮತ್ತೊಂದು ತಪಾಸಣೆ, ಇವೆರಡನ್ನೂ ಚಿಕಿತ್ಸೆಯ ಭಾಗವೆಂದೇ ರಾಜ್ಯ ಒಪ್ಪಿಕೊಳ್ಳಬೇಕು. ಅದರ ಮೊದಲ ಹೆಜ್ಜೆಯಾಗಿ, ನಾಲ್ಕು ವಾರದೊಳಗೆ ಕಿವಿಯ ಪರೀಕ್ಷೆ ಆಗದ ಒಂದು ಮಗುವೂ ಉಳಿಯಬಾರದು.

‘ಮಿದುಳು ಜ್ವರ’ ಎಂಬ ಒಂದೇ ಹೆಸರಿನಡಿ ನಾವು ಹಲವು ಕಾಯಿಲೆಗಳನ್ನು ಸೇರಿಸಿಬಿಡುತ್ತೇವೆ. ಗದ್ದೆಯ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ, ಹಂದಿ ಮತ್ತು ಬೆಳ್ಳಕ್ಕಿಯಂಥ ನೀರುಹಕ್ಕಿಗಳ ಮೈಯಲ್ಲಿರುವ ವೈರಸ್ಸನ್ನು ಮಗುವಿಗೆ ದಾಟಿಸಿದಾಗ ಬರುವುದು ಜಪಾನೀಸ್ ಎನ್ಸೆಫಲೈಟಿಸ್. ಕೋಲಾರ, ಮಂಡ್ಯ, ಬಳ್ಳಾರಿ ಜಿಲ್ಲೆಗಳ ಜನಕ್ಕೆ ಈ ಕಾಯಿಲೆ ಹೊಸದಲ್ಲ. ಮಿದುಳನ್ನು ಸುತ್ತಿದ ಪೊರೆಗೆ ಬ್ಯಾಕ್ಟೀರಿಯಾ ತಗುಲಿ ಕೀವಾದರೆ ಅದು ಮೆನಿಂಜೈಟಿಸ್. ಅದೇ ಪೊರೆಗೆ ಕ್ಷಯದ ರೋಗಾಣು ತಗುಲಿದರೆ ಟಿಬಿ ಮೆನಿಂಜೈಟಿಸ್. ಕಾರಣ ಬೇರೆ, ಔಷಧಿ ಬೇರೆ, ಆದರೆ ಬದುಕುಳಿದ ಮಕ್ಕಳ ಲೆಕ್ಕ ತೆಗೆದರೆ ಎಲ್ಲವೂ ಒಂದೇ ದಿಕ್ಕಿಗೆ ಬೆರಳು ತೋರಿಸುತ್ತವೆ. ಬ್ಯಾಕ್ಟೀರಿಯಾದ ಮೆನಿಂಜೈಟಿಸ್‌ನಿಂದ ಪಾರಾದವರಲ್ಲಿ ಐವರಿಗೆ ಒಬ್ಬರಂತೆ ದೀರ್ಘಕಾಲದ ತೊಂದರೆ ಉಳಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದು ಹೆಚ್ಚುಕಡಿಮೆ ಇದೇ ಪ್ರಮಾಣವನ್ನು ಕಂಡಿತು. ಜತೆಗೆ, ಆಫ್ರಿಕಾ ಮತ್ತು ಆಗ್ನೇಯ ಏಷ್ಯಾ ವಲಯದಲ್ಲಿ ಈ ಅಪಾಯ ಯುರೋಪಿನ ಎರಡರಷ್ಟಾದರೂ ಇದೆ ಎಂದು ತೋರಿಸಿತು. ಜಪಾನೀಸ್ ಎನ್ಸೆಫಲೈಟಿಸ್ ಮಿದುಳಿಗೇರಿ ಬದುಕಿದವರಲ್ಲಿ ಶೇ 30ರಿಂದ 50ರಷ್ಟು ಜನರಿಗೆ ನರ ಅಥವಾ ಮನಸ್ಸಿನ ಶಾಶ್ವತ ತೊಂದರೆ ಉಳಿಯುತ್ತದೆ. ಟಿಬಿ ಮೆನಿಂಜೈಟಿಸ್ ಗೆದ್ದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರದ್ದು ಇದೇ ಪಾಡು. ಹೀಗಿರುವಾಗ ‘ಗುಣವಾಯಿತು’ ಎಂಬ ಒಂದೇ ಮಾತಿನಲ್ಲಿ ಇವರೆಲ್ಲರನ್ನೂ ಮನೆಗೆ ಕಳಿಸುವುದು ಸರಿಯೇ?

ಕಿವಿಯ ಮಾತನ್ನೇ ಮೊದಲು ಎತ್ತಿಕೊಳ್ಳಲು ಕಾರಣವಿದೆ. ಬ್ಯಾಕ್ಟೀರಿಯಾದ ಮೆನಿಂಜೈಟಿಸ್ ಬಿಟ್ಟುಹೋಗುವ ತೊಂದರೆಗಳಲ್ಲಿ ಅತಿ ಸಾಮಾನ್ಯವಾದದ್ದು ಕಿವುಡು. ಸೋಂಕು ಮಿದುಳ ಪೊರೆಯಿಂದ ಒಳಕಿವಿಗೆ ಹರಿದು, ಅಲ್ಲಿನ ಬಸವನಹುಳುವಿನಾಕಾರದ ಅಂಗದೊಳಗಿನ ಸೂಕ್ಷ್ಮ ಕೋಶಗಳನ್ನು ಸುಟ್ಟುಬಿಡುತ್ತದೆ. ಕೆಲವು ಮಕ್ಕಳಲ್ಲಿ ಆ ಗಾಯ ಮಾಯುವಾಗ ಒಳಗಿನ ಟೊಳ್ಳು ಮೂಳೆಯಂತೆ ಗಟ್ಟಿಯಾಗತೊಡಗುತ್ತದೆ. ಇದಕ್ಕೆ ವರ್ಷಗಳು ಬೇಕಿಲ್ಲ, ಕೆಲವೇ ವಾರಗಳಲ್ಲಿ ಶುರುವಾಗಬಹುದು. ಪೂರ್ತಿ ಕಿವುಡಾದ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ ಕೂರಿಸಬೇಕೆಂದರೆ ಅದರ ತಂತಿಯನ್ನು ಇದೇ ಟೊಳ್ಳಿನೊಳಗೆ ತೂರಿಸಬೇಕು. ಟೊಳ್ಳು ಮುಚ್ಚಿಹೋದ ಮೇಲೆ ಬಂದವರಿಗೆ ಶಸ್ತ್ರಚಿಕಿತ್ಸೆ ಕಷ್ಟ, ಫಲವೂ ಕಡಿಮೆ. ಉಳಿದ ಕಿವುಡಿನಲ್ಲಿ ತಡವಾದರೆ ನಷ್ಟ ಅಷ್ಟಿಷ್ಟು ಅನ್ನಬಹುದು, ಇಲ್ಲಿ ತಡವಾದರೆ ಬಾಗಿಲೇ ಮುಚ್ಚುತ್ತದೆ. ಹಾಗಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೊರತಂದ ಮೆನಿಂಜೈಟಿಸ್ ಮಾರ್ಗಸೂಚಿಯಲ್ಲಿ, ಕಿವಿಯ ತಪಾಸಣೆ ಡಿಸ್ಚಾರ್ಜ್‌ಗೆ ಮುನ್ನವೇ ಆಗಲಿ, ಆಗದಿದ್ದರೆ ನಾಲ್ಕು ವಾರದೊಳಗೆ ಆಗಲಿ ಎಂದು ಹೇಳಿದೆ. ಬ್ರಿಟನ್ನಿನ ಆಸ್ಪತ್ರೆಗಳು ಎಷ್ಟೋ ವರ್ಷಗಳಿಂದ ಇದೇ ನಾಲ್ಕು ವಾರದ ಗಡುವನ್ನು ಇಟ್ಟುಕೊಂಡಿವೆ.

ಕಿವಿ ಕೇಳದಿದ್ದರೆ ಹೆತ್ತವರಿಗೆ ಗೊತ್ತಾಗುವುದಿಲ್ಲವೇ ಎಂದು ಕೇಳಬಹುದು. ಎರಡು ವರ್ಷದ ಮಗುವಿನ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಬಾಗಿಲು ದಡಾರನೆ ಮುಚ್ಚಿದರೆ ಮಗು ತಿರುಗುತ್ತದೆ, ಏಕೆಂದರೆ ನೆಲ ಅದುರಿತು. ಅಮ್ಮ ಹಿಂದಿನಿಂದ ಬಂದರೆ ತಿರುಗುತ್ತದೆ, ಏಕೆಂದರೆ ನೆರಳು ಬಿತ್ತು. ಊಟಕ್ಕೆ ಕರೆದಾಗ ಬರುತ್ತದೆ, ಏಕೆಂದರೆ ತಟ್ಟೆ ಕಂಡಿತು. ಕರೆದಾಗ ಬರದಿದ್ದ ದಿನ ‘ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿಸಿಕೊಂಡು ಹಟಮಾರಿ ಆಗಿದೆ’ ಎನ್ನುತ್ತಾರೆ ಅಜ್ಜಿ. ಆ ಮಾತಿನಲ್ಲಿ ತಪ್ಪು ಹುಡುಕುವಂತಿಲ್ಲ. ಕಾಯಿಲೆ ಬಿದ್ದೆದ್ದ ಮಕ್ಕಳು ಕೆಲವು ವಾರ ಹಟ ಮಾಡುವುದು, ತಾಯಿಯ ಸೆರಗು ಬಿಡದಿರುವುದು ನಿಜವೇ. ಆದರೆ ಈ ಸಂಶಯದ ಮರೆಯಲ್ಲಿ ತಿಂಗಳುಗಳು ಕಳೆಯುತ್ತವೆ. ಜ್ವರಕ್ಕೆ ಮುಂಚೆ ‘ಅಮ್ಮ, ನೀರು’ ಎನ್ನುತ್ತಿದ್ದ ಮಗುವಿನ ಮಾತು ಮೊದಲು ತೊದಲಾಗುತ್ತದೆ, ಆಮೇಲೆ ಒಂದೊಂದೇ ಪದ ಉದುರಿಹೋಗುತ್ತದೆ. ಆಗಷ್ಟೇ ಕಲಿತ ಮಾತು ಕಿವಿಯ ಆಸರೆ ಇಲ್ಲದೆ ನಿಲ್ಲುವುದಿಲ್ಲ. ಒಂದು ಕಿವಿ ಮಾತ್ರ ಹೋದ ಮಗುವಂತೂ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ತರಗತಿಯಲ್ಲಿ ಗೋಡೆ ಪಕ್ಕದ ಬೆಂಚಿನಲ್ಲಿ ಕೂತು, ಗದ್ದಲದ ನಡುವೆ ಅರ್ಧ ಪಾಠ ಕೇಳಿ, ಉಳಿದರ್ಧವನ್ನು ಮೇಷ್ಟ್ರ ತುಟಿ ನೋಡಿ ಊಹಿಸುವ ಹುಡುಗನಿಗೆ ‘ಗಮನ ಕೊಡಲ್ಲ’ ಎಂಬ ಹೆಸರು ಮಾತ್ರ ಅಂಟುತ್ತದೆ.

ಕಿವಿಗಿಂತ ತಡವಾಗಿ ತಲೆಯೆತ್ತುವ ತೊಂದರೆಗಳೂ ಇವೆ, ಇವೇ ಹೆಚ್ಚು ಮೋಸ ಮಾಡುವಂಥವು. ಕೈಕಾಲಿನ ಬಲಹೀನತೆ ಕಣ್ಣಿಗೆ ಕಾಣುತ್ತದೆ, ಫಿಟ್ಸ್ ಬಂದರೆ ಮನೆಮಂದಿಯೆಲ್ಲ ಆಸ್ಪತ್ರೆಗೆ ಓಡುತ್ತಾರೆ. ನೆನಪು, ಏಕಾಗ್ರತೆ, ಒಂದು ಕೆಲಸವನ್ನು ಸಾಲಾಗಿ ಯೋಚಿಸಿ ಮುಗಿಸುವ ಶಕ್ತಿ, ಕೋಪದ ಮೇಲಿನ ಹಿಡಿತ ಇವು ಹಾಗಲ್ಲ. ಒಂದೂವರೆ ವರ್ಷದ ಮಗುವಿನಿಂದ ಇವನ್ನು ಯಾರೂ ಕೇಳುವುದೇ ಇಲ್ಲ, ಆದ್ದರಿಂದ ಇವುಗಳಿಗೆ ಪೆಟ್ಟು ಬಿದ್ದಿದ್ದರೂ ತಿಳಿಯುವುದಿಲ್ಲ. ಎಂಟೊಂಬತ್ತು ವರ್ಷಕ್ಕೆ, ಕೂಡುವ ಕಳೆಯುವ ಲೆಕ್ಕ ಮುಗಿದು ಬಾಯಿಲೆಕ್ಕದ ಸಮಸ್ಯೆ ಬಿಡಿಸುವ ಕಾಲ ಬಂದಾಗ, ನಲಿ-ಕಲಿಯ ಕಾರ್ಡುಗಳು ಮುಗಿದು ಪಠ್ಯಪುಸ್ತಕದ ಉದ್ದನೆಯ ಪಾಠ ಎದುರಾದಾಗ, ಆ ಹಳೆಯ ಪೆಟ್ಟು ಹೊರಬೀಳುತ್ತದೆ. ಆ ಹೊತ್ತಿಗೆ ಜ್ವರದ ನೆನಪು ಮನೆಯವರಿಗೇ ಮಸುಕಾಗಿರುತ್ತದೆ, ಶಾಲೆಗಂತೂ ಗೊತ್ತೇ ಇರುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹುಟ್ಟಿದ ವರ್ಷದೊಳಗೇ ಮೆನಿಂಜೈಟಿಸ್ ಆಗಿದ್ದ ಮಕ್ಕಳನ್ನು ಐದನೆಯ ವಯಸ್ಸಿನಲ್ಲಿ ಮತ್ತೆ ಹುಡುಕಿ ನೋಡಿದ ಅಧ್ಯಯನ 2001ರಲ್ಲಿ ಬಂತು. ಮಧ್ಯಮ ಅಥವಾ ತೀವ್ರ ಅಂಗವೈಕಲ್ಯ ಅವರಲ್ಲಿ ಓರಗೆಯ ಮಕ್ಕಳಿಗಿಂತ ಹತ್ತು ಪಟ್ಟು ಹೆಚ್ಚಿತ್ತು. ಅದೇ ಮಕ್ಕಳು ಬೆಳೆದು ಶಾಲೆಯ ಕೊನೆಯ ಪರೀಕ್ಷೆ ಬರೆದಾಗಲೂ ಓರಗೆಯವರಿಗಿಂತ ಎದ್ದುಕಾಣುವಂತೆ ಹಿಂದಿದ್ದರು. ನೆನಪಿಡಬೇಕಾದದ್ದು, ಇದು ಮಕ್ಕಳ ಆರೋಗ್ಯವನ್ನು ತೊಟ್ಟಿಲಿನಿಂದಲೇ ದಾಖಲಿಸುವ ದೇಶದ ಲೆಕ್ಕ. ನಮ್ಮಲ್ಲಿ ಹತ್ತನೇ ತರಗತಿಗೆ ಮುನ್ನವೇ ಶಾಲೆ ಬಿಟ್ಟವರಲ್ಲಿ ಇಂಥ ಮಕ್ಕಳು ಎಷ್ಟು ಜನ ಎಂದು ಕೇಳಿದರೆ ಉತ್ತರ ಕೊಡುವ ಪುಸ್ತಕವೇ ಇಲ್ಲ.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ‘ಉಳಿದದ್ದು ಉಳಿಯಿತು, ಇನ್ನೇನು ಮಾಡಲಾದೀತು’ ಎಂಬ ಕೈಚೆಲ್ಲುವ ಮಾತಿಗೆ ಅದೇ ಉತ್ತರ. ಹರ್ಪಿಸ್ ವೈರಸ್ಸಿನಿಂದ ಮಿದುಳಿನ ಉರಿಯೂತವಾಗಿ ಗುಣವಾದ ಕೆಲವು ಮಕ್ಕಳಲ್ಲಿ, ಕೆಲವು ವಾರಗಳ ನಂತರ ಕೈಕಾಲು ತಾನಾಗಿ ತಿರುಚಿಕೊಳ್ಳುವುದು, ನಿದ್ದೆಗೆಡುವುದು, ಗುರುತೇ ಸಿಗದಷ್ಟು ನಡತೆ ಬದಲಾಗುವುದು ಶುರುವಾಗುತ್ತದೆ. ಹಳೆಯ ಸೋಂಕೇ ಮರುಕಳಿಸಿತು ಎಂದು ಹಿಂದೆ ವೈದ್ಯರೂ ಭಾವಿಸಿದ್ದುಂಟು. ಎಷ್ಟೋ ಪ್ರಕರಣಗಳಲ್ಲಿ ಅದು ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಮಿದುಳಿನ ಮೇಲೆ ತಿರುಗಿಬಿದ್ದ ಬೇರೆಯ ಕಾಯಿಲೆ ಎಂದು ಈಗ ತಿಳಿದಿದೆ. ಅದಕ್ಕೆ ಔಷಧಿ ಇದೆ, ಬೇಗ ಕೊಟ್ಟಷ್ಟೂ ಒಳ್ಳೆಯದು. ಅಂದರೆ ಡಿಸ್ಚಾರ್ಜ್ ಆದ ಮೇಲೆ ‘ಮಗು ಮೊದಲಿನ ಹಾಗಿಲ್ಲ ಡಾಕ್ಟ್ರೇ’ ಎಂದು ತಾಯಿ ಹೇಳುವ ಮಾತು ರೋಗನಿರ್ಣಯದ ಅತ್ಯಂತ ಬೆಲೆಬಾಳುವ ಸುಳಿವು. ಆ ಮಾತನ್ನು ಕೇಳಿಸಿಕೊಳ್ಳಲು ಗೊತ್ತಾದ ಒಂದು ದಿನ, ಗೊತ್ತಾದ ಒಂದು ಕುರ್ಚಿ ಇರಬೇಕಲ್ಲವೇ?

ಇದಕ್ಕೆ ಬರುವ ಮೊದಲ ಆಕ್ಷೇಪ ಕರುಣೆಯಿಂದ ಬರುವಂಥದು. ಸಾವಿನ ಬಾಯಿಂದ ಮಗುವನ್ನು ಎಳೆದುಕೊಂಡು ಬಂದ ತಂದೆತಾಯಿಗೆ ಮತ್ತೆ ಹೆದರಿಕೆ ಹುಟ್ಟಿಸುವುದೇಕೆ, ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಇರುತ್ತಾರಲ್ಲ ಎನ್ನುತ್ತಾರೆ ಕೆಲವು ವೈದ್ಯರು. ಹೆಚ್ಚಿನವರು ಚೆನ್ನಾಗಿರುತ್ತಾರೆ ಎಂಬುದು ಬ್ಯಾಕ್ಟೀರಿಯಾದ ಮೆನಿಂಜೈಟಿಸ್ ಮಟ್ಟಿಗೆ ನಿಜ; ಐವರಲ್ಲಿ ನಾಲ್ವರಿಗೆ ದೊಡ್ಡ ತೊಂದರೆ ಉಳಿಯದು. ಸುಸ್ತು, ತಲೆನೋವು, ಸಿಡುಕು, ರಾತ್ರಿ ಬೆಚ್ಚಿಬೀಳುವುದು ಎಷ್ಟೋ ಮಕ್ಕಳಲ್ಲಿ ವಾರಗಳಲ್ಲೋ ತಿಂಗಳುಗಳಲ್ಲೋ ತಾನಾಗಿ ಇಳಿಯುತ್ತವೆ. ಆ ಮಾತನ್ನೂ ಹೆತ್ತವರಿಗೆ ಬಾಯಿಬಿಟ್ಟು ಹೇಳಬೇಕು ಎಂಬುದೇ ನನ್ನ ಕಳಕಳಿ. ಯಾವುದು ಇಳಿಯುತ್ತದೆ, ಎಷ್ಟು ದಿನ ಕಾಯಬಹುದು, ಯಾವುದು ಕಂಡರೆ ಆ ದಿನವೇ ಬರಬೇಕು ಎಂದು ತಿಳಿದ ತಾಯಿಗೆ ಹೆದರಿಕೆ ಕಡಿಮೆಯಾಗುತ್ತದೆ. ಏನೂ ಹೇಳದೆ ಕಳಿಸಿದ ತಾಯಿ, ಮಗು ಒಂದು ದಿನ ಮಂಕಾಗಿ ಕೂತರೆ ಇಡೀ ರಾತ್ರಿ ನಿದ್ದೆಗೆಡುತ್ತಾಳೆ. ಕಿವಿಯ ಪರೀಕ್ಷೆಗೆ ಕರೆದು ‘ಎರಡೂ ಕಿವಿ ಸರಿಯಾಗಿವೆ’ ಎಂದು ಹೇಳಿ ಕಳಿಸುವುದು ಆ ಮನೆಗೆ ಕೊಡುವ ಸಮಾಧಾನವೂ ಹೌದು.

ಎರಡನೆಯದು ಸ್ವಲ್ಪ ಗಟ್ಟಿಯಾದ ಆಕ್ಷೇಪ. ಓದಿನಲ್ಲಿ ಹಿಂದುಳಿದ ಮಗು ಜ್ವರದಿಂದಲೇ ಹಿಂದುಳಿಯಿತು ಎಂದು ಹೇಗೆ ಹೇಳುತ್ತೀರಿ? ಬಡತನ, ಅಪೌಷ್ಟಿಕತೆ, ಶಿಕ್ಷಕರಿಲ್ಲದ ಶಾಲೆ, ಗುಳೆ ಹೋಗುವ ಕುಟುಂಬ ಇವು ಕಾರಣವಾಗಿರಲಾರವೇ? ಒಂದೊಂದು ಮಗುವಿನ ಮಟ್ಟಿಗೆ ಇದನ್ನು ಬಿಡಿಸಿ ಹೇಳುವುದು ಕಷ್ಟವೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಬ್ರಿಟನ್ನಿನ ಅಧ್ಯಯನದಲ್ಲಿ ಹೋಲಿಕೆಗೆ ತೆಗೆದುಕೊಂಡದ್ದು ಅದೇ ಸೀಮೆಯ, ಅದೇ ವಯಸ್ಸಿನ ಮಕ್ಕಳನ್ನು. ಆದರೂ ಅಂತರ ಹತ್ತು ಪಟ್ಟಿತ್ತು. ಇನ್ನು, ಕಾರಣ ಯಾವುದೇ ಇರಲಿ, ಕೇಳದ ಕಿವಿಗೆ ಶ್ರವಣ ಸಾಧನ ಬೇಕು, ತಡವಾದ ಮಾತಿಗೆ ತರಬೇತಿ ಬೇಕು. ಬಡತನವೂ ಮಿದುಳು ಜ್ವರವೂ ಒಂದೇ ಮನೆಯ ಬಾಗಿಲು ತಟ್ಟುವುದೇ ಹೆಚ್ಚು. ಗದ್ದೆ ಬದಿಯ ಗುಡಿಸಿಲಿನಲ್ಲಿ ಸೊಳ್ಳೆಪರದೆ ಇಲ್ಲದೆ ಮಲಗುವ ಮಗುವಿಗೆ ಎರಡು ಹೊರೆ ಇದೆಯೆಂದು ಎರಡನ್ನೂ ಲೆಕ್ಕಕ್ಕೆ ಹಿಡಿಯದಿರುವುದು ಯಾವ ನ್ಯಾಯ?

ಹಣ ಎಲ್ಲಿಂದ, ಜನ ಎಲ್ಲಿಂದ ಎಂಬ ಪ್ರಶ್ನೆ ಸರ್ಕಾರದ ಕಡೆಯಿಂದ ಬರುತ್ತದೆ, ಅದು ಬರಲೇಬೇಕಾದ ಪ್ರಶ್ನೆ. ಹೊಸದಾಗಿ ಕಟ್ಟಬೇಕಾದ್ದು ಕಡಿಮೆ ಎನ್ನುವುದು ನನ್ನ ಉತ್ತರ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆ ತಂಡಗಳಿವೆ. ಅವು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಹೋಗಬೇಕು. ಕಿವಿ, ಮಾತು, ಬೆಳವಣಿಗೆಯ ತೊಂದರೆಗಳಿಗಾಗಿ ಜಿಲ್ಲಾ ಮಟ್ಟದಲ್ಲಿ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳು ಇದೇ ಯೋಜನೆಯ ಭಾಗ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಇಡೀ ದೇಶವೇ ಇವುಗಳ ಕಡೆ ನೋಡುತ್ತದೆ. ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಬ್ಲಾಕ್ ಮಟ್ಟದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು (ಬಿಐಇಆರ್‌ಟಿ) ಇದ್ದಾರೆ. ಕೊರತೆ ಇರುವುದು ಕೊಂಡಿಯಲ್ಲಿ. ಹಳ್ಳಿಯಲ್ಲಿ ತೊಂದರೆ ಕಂಡ ಮಗುವನ್ನು ಆಸ್ಪತ್ರೆಗೆ ಕಳಿಸುವ ದಾರಿಯನ್ನು ನಾವು ಹಾಕಿಕೊಂಡಿದ್ದೇವೆ. ಆಸ್ಪತ್ರೆಯಿಂದ ಮನೆಗೆ ಹೊರಟ ಮಗುವಿನ ಸುದ್ದಿ ಹಳ್ಳಿಗೆ ತಲುಪುವ ದಾರಿ ಅಷ್ಟು ಗಟ್ಟಿಯಾಗಿಲ್ಲ. ಬಾಣಂತಿ ಮನೆಗೆ ಬಂದರೆ 42 ದಿನಗಳಲ್ಲಿ ಆಶಾ ಕಾರ್ಯಕರ್ತೆ ಆರೇಳು ಸಲ ಹೋಗಿ ಹಸುಗೂಸನ್ನು ನೋಡಿಬರುತ್ತಾಳೆ. ವೆಂಟಿಲೇಟರಿನಿಂದ ಇಳಿದು ಬಂದ ಮೂರು ವರ್ಷದ ಮಗುವಿನ ಮನೆಗೆ ಹೋಗಬೇಕೆಂದು ಅವಳಿಗೆ ಯಾರೂ ಹೇಳಿರುವುದಿಲ್ಲ. ಅವಳ ಮೇಲೆ ಈಗಾಗಲೇ ಕೆಲಸದ ಗುಡ್ಡವೇ ಇದೆ, ಗೌರವಧನ ಕಡಿಮೆ. ಆದ್ದರಿಂದ ಈ ಭೇಟಿಗಳಿಗೆ ಪ್ರತ್ಯೇಕ ಪ್ರೋತ್ಸಾಹಧನ ಸೇರಿಸಿಯೇ ಕೇಳಬೇಕು. ಊರಿಗೆ ಇಂಥ ಮಕ್ಕಳು ಬೆರಳೆಣಿಕೆಯಷ್ಟು ಇರುವುದರಿಂದ ಅದು ಬೊಕ್ಕಸ ಬರಿದು ಮಾಡುವ ಮೊತ್ತವೇನಲ್ಲ.

ವಿಮೆಯ ನಿಯಮವನ್ನೂ ತಿದ್ದಬೇಕು. ಆಯುಷ್ಮಾನ್ ಭಾರತ್ ಯೋಜನೆ ಆಸ್ಪತ್ರೆಯೊಳಗಿನ ಖರ್ಚಿನ ಜತೆಗೆ ಡಿಸ್ಚಾರ್ಜ್ ನಂತರದ 15 ದಿನಗಳ ವೆಚ್ಚವನ್ನು ಭರಿಸುತ್ತದೆ. ಕಿವಿಯ ಪರೀಕ್ಷೆಯ ಗಡುವು ನಾಲ್ಕು ವಾರ. ಫಿಟ್ಸ್ ತಿಂಗಳುಗಳ ನಂತರವೂ ತಲೆದೋರಬಹುದು. ಕಲಿಕೆಯ ತೊಂದರೆ ವರ್ಷಗಳ ನಂತರ. ತೀವ್ರ ನಿಗಾ ಘಟಕದಲ್ಲಿ ಒಂದೊಂದು ದಿನಕ್ಕೂ ಸಾವಿರಾರು ರೂಪಾಯಿ ಸುರಿದು ಉಳಿಸಿದ ಮಗುವಿಗೆ, ಬಸ್ ಚಾರ್ಜು ಮತ್ತು ಒಂದು ದಿನದ ಕೂಲಿ ಹೋಗುತ್ತದೆ ಎಂಬ ಕಾರಣಕ್ಕೆ ಕಿವಿಯ ಬೇರಾ ಪರೀಕ್ಷೆ ತಪ್ಪುತ್ತದೆ ಎಂದರೆ, ಸುರಿದ ಹಣವನ್ನೂ ನಾವೇ ಅರ್ಧ ವ್ಯರ್ಥ ಮಾಡಿಕೊಂಡಂತೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ, ಸಂತೋಷದ ಮಾತು. ಆದರೆ ಅದರ ಮುಖ್ಯ ಸವಲತ್ತುಗಳು ಶೇ 40ರ ಗೆರೆ ದಾಟಿದವರಿಗೆ. ಒಂದೇ ಕಿವಿ ಹೋದ, ನೆನಪು ಸೋತ, ಅರ್ಧ ದಿನಕ್ಕೇ ದಣಿಯುವ ಮಗು ಆ ಗೆರೆಯ ಈಚೆಗೇ ನಿಂತುಬಿಡುವುದುಂಟು. ಅಂಥ ಮಗುವಿಗೆ ಪ್ರಮಾಣಪತ್ರಕ್ಕಿಂತ ಮೊದಲು ಬೇಕಾದದ್ದು ಮುಂದಿನ ಬೆಂಚು, ಅರ್ಧ ದಿನದ ಹಾಜರಾತಿಗೆ ಒಪ್ಪಿಗೆ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ.

ಇಷ್ಟೆಲ್ಲ ಮಾಡುವ ಬದಲು ಲಸಿಕೆಗೇ ಶಕ್ತಿ ಹಾಕಿದರೆ ಮೂಲವೇ ಕಡಿಯುತ್ತದಲ್ಲ ಎಂಬ ವಾದಕ್ಕೆ ನನ್ನ ಪೂರ್ಣ ಬೆಂಬಲವಿದೆ, ‘ಬದಲು’ ಎಂಬ ಪದವೊಂದನ್ನು ಬಿಟ್ಟು. 2005ರಲ್ಲಿ ಗೋರಖಪುರದ ಸೀಮೆಯಲ್ಲಿ ಸಾವಿರಕ್ಕೂ ಹೆಚ್ಚು ಜೀವ ಹೋದ ಮೇಲೆ ಮರುವರ್ಷವೇ ಜಪಾನೀಸ್ ಎನ್ಸೆಫಲೈಟಿಸ್ ಲಸಿಕೆಯ ಅಭಿಯಾನ ಶುರುವಾಯಿತು, ಅದರಲ್ಲಿ ಕರ್ನಾಟಕವೂ ಇತ್ತು. 2022ರ ಡಿಸೆಂಬರ್‌ನಲ್ಲಿ ರಾಜ್ಯದ ಇನ್ನೂ 10 ಜಿಲ್ಲೆಗಳಲ್ಲಿ ಒಂದರಿಂದ 15 ವರ್ಷದ ಸುಮಾರು 48 ಲಕ್ಷ ಮಕ್ಕಳಿಗೆ ಲಸಿಕೆ ಹಾಕುವ ಗುರಿಯಿಟ್ಟುಕೊಂಡು ಕೆಲಸ ನಡೆಯಿತು. ಪೆಂಟಾವೇಲೆಂಟ್‌ನಲ್ಲಿರುವ ಹಿಬ್ ಲಸಿಕೆ, ನ್ಯುಮೊಕಾಕಲ್ ಲಸಿಕೆ, ಹುಟ್ಟಿದಾಗ ಹಾಕುವ ಬಿಸಿಜಿ ಇವು ಉಳಿಸಿದ ಮಿದುಳುಗಳ ಎಣಿಕೆ ಸಣ್ಣದಲ್ಲ. ಆದರೆ ಲಸಿಕೆ ಇಲ್ಲದ ವೈರಸ್ಸುಗಳಿವೆ, ಲಸಿಕೆ ತಪ್ಪಿದ ಮಕ್ಕಳಿದ್ದಾರೆ, ಲಸಿಕೆ ಬರುವ ಮುನ್ನ ಕಾಯಿಲೆ ಬಿದ್ದೆದ್ದವರಿದ್ದಾರೆ. ಇನ್ನೊಂದು ಮಾತು: ಉಳಿದ ತೊಂದರೆಗಳ ಲೆಕ್ಕ ಇಟ್ಟರೆ ಲಸಿಕೆಯ ನಿಜವಾದ ಬೆಲೆ ಆಗ ತಿಳಿಯುತ್ತದೆ. ಸಾವಿನ ಸಂಖ್ಯೆಯೊಂದನ್ನೇ ಮುಂದಿಟ್ಟುಕೊಂಡು ಲಾಭ-ನಷ್ಟ ಎಣಿಸುವಾಗ, ಜೀವಮಾನವಿಡೀ ಆರೈಕೆ ಬೇಡುವ ಮಗು, ಕೂಲಿ ಬಿಟ್ಟು ಮನೆಯಲ್ಲಿ ಉಳಿದ ತಾಯಿ, ತಮ್ಮನನ್ನು ನೋಡಿಕೊಳ್ಳಲು ಶಾಲೆ ಬಿಟ್ಟ ಅಕ್ಕ ಇವರಾರೂ ಆ ಲೆಕ್ಕದಲ್ಲಿ ಬರುವುದಿಲ್ಲ.

ಹಾಗಾದರೆ ನಾಳೆಯೇ ಮಾಡಬಹುದಾದದ್ದು ಏನು? ಡಿಸ್ಚಾರ್ಜ್ ಕಾಗದದಲ್ಲಿ, ಇಂಗ್ಲಿಷಿನ ಔಷಧಿ ಪಟ್ಟಿಯ ಕೆಳಗೆ, ಕನ್ನಡದಲ್ಲಿ ಅಚ್ಚಾದ ಒಂದು ಚೌಕ. ಕಿವಿ ಪರೀಕ್ಷೆ ಯಾವ ದಿನ, ಎಲ್ಲಿ. ಬೆಳವಣಿಗೆಯ ತಪಾಸಣೆ ಮೂರು, ಆರು, ಹನ್ನೆರಡನೇ ತಿಂಗಳಲ್ಲಿ ಯಾರ ಹತ್ತಿರ. ಫಿಟ್ಸ್, ವಾಂತಿಯೊಂದಿಗಿನ ತಲೆನೋವು, ನಡತೆ ಅಥವಾ ನಡಿಗೆಯಲ್ಲಿ ಬದಲಾವಣೆ ಕಂಡರೆ ಕರೆಯಬೇಕಾದ ನಂಬರ್. ಅದರ ಒಂದು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಲಿ, ಒಂದು ಪ್ರತಿ ತಾಯಿ ಕಾರ್ಡಿನೊಳಗೆ ಉಳಿಯಲಿ. ಇನ್ನು, ಈ ಚೌಕ ಅಚ್ಚಾಗುವ ಮುನ್ನವೇ ಮನೆಗೆ ಬಂದ ಮಕ್ಕಳು ಈಗ ನಮ್ಮ ಎರಡನೇ, ಮೂರನೇ, ನಾಲ್ಕನೇ ತರಗತಿಗಳಲ್ಲಿ ಕೂತಿದ್ದಾರೆ. ಅವರನ್ನು ಹುಡುಕಲು ದೊಡ್ಡ ಸಮೀಕ್ಷೆ ಬೇಕಿಲ್ಲ. ಜೂನ್ ತಿಂಗಳ ದಾಖಲಾತಿ ಅರ್ಜಿಯಲ್ಲಿ, ಜಾತಿ, ಆದಾಯ, ಆಧಾರ್ ಸಂಖ್ಯೆ ಕೇಳುವ ಕಾಲಂಗಳ ನಡುವೆ, ಇನ್ನೊಂದು ಪ್ರಶ್ನೆಗೆ ಜಾಗ ಮಾಡಿದರೆ ಸಾಕು: ಈ ಮಗುವಿಗೆ ಎಂದಾದರೂ ಮಿದುಳು ಜ್ವರ ಬಂದಿತ್ತೇ? ಬಂದಿತ್ತು ಎಂದ ಮಗುವಿನ ಕಿವಿಯನ್ನು ಆ ವರ್ಷ ಶಾಲೆಗೆ ಬರುವ ತಪಾಸಣಾ ತಂಡ ಎಲ್ಲರಿಗಿಂತ ಮೊದಲು ನೋಡಲಿ.